ಕಲ್ಲಿನ ಸಾಲು ಅಳೆದ ಸಾಹೇಬ: ಸುರಪುರದ ಟೇಲರ್ ಮತ್ತು ವಿಭೂತಿಹಳ್ಳಿಯ ಬಂಡೆಗಳು

ಶಹಾಪುರ: ವಿಭೂತಿಹಳ್ಳಿ ಹತ್ತಿರದ ಬಯಲಿನಲ್ಲಿ ಸಾಲು ಸಾಲಾಗಿ ಇಟ್ಟಿರುವ ದೊಡ್ಡ ದೊಡ್ಡ ಬಂಡೆಗಳನ್ನು ನಮ್ಮಲ್ಲಿ ಬಹಳ ಮಂದಿ ನೋಡಿರ್ತಾರೆ. ಆದರೆ ನಿಂತು ನೋಡಿದವರು ಕಡಿಮೆ. ಗುಡ್ಡದ ಸೀಮೆಯಲ್ಲಿ ಕಲ್ಲಿಗೇನು ಬರ? ಶಹಾಪುರದ ಸುತ್ತ ಎತ್ತ ನೋಡಿದರೂ ಬಂಡೆಯೇ. ಅದರಲ್ಲಿ ಇವೂ ನಾಲ್ಕು ಅಂದುಕೊಂಡು ಮುಂದೆ ಹೋಗಿಬಿಡ್ತೀವಿ.

ಸ್ವಲ್ಪ ಹೊತ್ತು ನಿಂತು ನೋಡಿದರೆ ವಿಷಯ ಬೇರೆ ಅಂತ ತಿಳಿಯುತ್ತದೆ. ಈ ಕಲ್ಲುಗಳು ತಾವಾಗಿ ಉರುಳಿ ಬಿದ್ದವಲ್ಲ. ಒಂದರಿಂದ ಒಂದಕ್ಕೆ ಹೆಚ್ಚುಕಡಿಮೆ ಒಂದೇ ಅಂತರ ಇದೆ. ಈ ಕಡೆಯಿಂದ ನೋಡಿದರೂ ಸಾಲು, ಆ ಕಡೆಯಿಂದ ನೋಡಿದರೂ ಸಾಲು. ಯಾರೋ ಯೋಚನೆ ಮಾಡಿ, ಅಳತೆ ಹಿಡಿದು, ಒಂದೊಂದೇ ಬಂಡೆ ತಂದು ಕೂಡಿಸಿದ್ದಾರೆ. ಅದು ಎರಡು ಸಾವಿರ ವರ್ಷಕ್ಕೂ ಹಿಂದಿನ ಕೆಲಸ. ಇವತ್ತು ಈ ಜಾಗ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ.

ಈ ಸಾಲುಗಳನ್ನು ಮೊದಲು ಅಳೆದು, ನಕ್ಷೆ ಬರೆದು, ಹೊರಗಿನ ಜಗತ್ತಿಗೆ ತಿಳಿಸಿದವರು ಒಬ್ಬ ಇಂಗ್ಲಿಷ್ ಅಧಿಕಾರಿ. ಹೆಸರು ಫಿಲಿಪ್ ಮೆಡೋಸ್ ಟೇಲರ್. ಸುರಪುರದವರಿಗೆ ಈ ಹೆಸರು ಹೊಸದಲ್ಲ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಗೊತ್ತಿಲ್ಲದವರು ಆ ಊರಲ್ಲಿ ಯಾರಿದ್ದಾರೆ? ಆದರೆ ಆ ಬಂಗಲೆಯಲ್ಲಿದ್ದ ಮನುಷ್ಯ ನಮ್ಮ ಹೊಲದ ಕಲ್ಲುಗಳ ಹಿಂದೆ ಅಷ್ಟು ವರ್ಷ ತಿರುಗಿದ್ದು ಯಾಕೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಇದು ಅವರ ಕಥೆ.

ಹದಿನೈದರ ಹುಡುಗ ಮುಂಬಯಿಗೆ ಬಂದ

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ತಂದೆ ವ್ಯಾಪಾರಸ್ಥರು. ವ್ಯಾಪಾರ ಕೈಕೊಟ್ಟಿತು. ಮನೆಯ ಹಿರಿಮಗ ಚಿಕ್ಕ ವಯಸ್ಸಿನಲ್ಲೇ ದುಡಿಮೆಗೆ ಇಳಿಯಬೇಕಾಯಿತು. ಮುಂಬಯಿಯಲ್ಲಿ ಒಬ್ಬ ದೊಡ್ಡ ವ್ಯಾಪಾರಿ ಇದ್ದಾರೆ, ಅವರ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿದರೆ ಮುಂದೆ ಪಾಲುದಾರನೂ ಆಗಬಹುದು ಅಂತ ಯಾರೋ ಆಸೆ ಹಚ್ಚಿದರು. ಹುಡುಗ ಹಡಗು ಹತ್ತಿದ.

1824ರಲ್ಲಿ ಮುಂಬಯಿಗೆ ಬಂದಿಳಿದಾಗ ಇನ್ನೂ ಹದಿನಾರು ತುಂಬಿರಲಿಲ್ಲ. ಬಂದು ನೋಡಿದರೆ ಆ ದೊಡ್ಡ ವ್ಯಾಪಾರಿಯ ವ್ಯಾಪಾರವೇ ಮುಳುಗುವ ಹಂತದಲ್ಲಿತ್ತು. ಅಂಗಡಿ ನಡೆಸುವವರಿಗೆ ಈ ಪರಿಸ್ಥಿತಿ ಬಿಡಿಸಿ ಹೇಳಬೇಕಿಲ್ಲ. ಪರದೇಶ, ಕೈಯಲ್ಲಿ ಕಾಸಿಲ್ಲ, ನಂಬಿ ಬಂದ ಕೆಲಸ ಇಲ್ಲ. ಕೊನೆಗೆ ಮುಂಬಯಿಯಲ್ಲಿದ್ದ ಸಂಬಂಧಿಕರೊಬ್ಬರು ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಕೆಲಸ ಕೊಡಿಸಿದರು.

ಇಲ್ಲೇ ಅವರ ಬದುಕಿಗೆ ತಿರುವು ಸಿಕ್ಕಿದ್ದು. ಕಂಪನಿ ಸರ್ಕಾರದ ನೌಕರಿ ಆಗಿದ್ದರೆ ಮುಂಬಯಿ, ಮದರಾಸು, ಕಲ್ಕತ್ತ ಅಂತ ದೊಡ್ಡ ಊರುಗಳಲ್ಲಿ ಇರ್ತಿದ್ದರೇನೋ. ನಿಜಾಮರ ಚಾಕರಿ ಅವರನ್ನು ದಖ್ಖನಿನ ಹಳ್ಳಿಹಳ್ಳಿ ತಿರುಗಿಸಿತು. ಹಿಂದೂಸ್ತಾನಿ, ಫಾರಸಿ, ಮರಾಠಿ ಕಲಿತರು. ಹತ್ತೊಂಬತ್ತು ಇಪ್ಪತ್ತರ ವಯಸ್ಸಿಗೇ ಪೊಲೀಸ್ ಕೆಲಸ ಕೈಗೆ ಬಂತು. ಕುದುರೆ ಮೇಲೆ ಊರೂರು ಸುತ್ತೋದು, ಪಟೇಲರ ಚಾವಡಿಯಲ್ಲಿ ಕೂತು ದೂರು ಕೇಳೋದು. ಜನರ ಜೊತೆ ಅವರದೇ ಮಾತಿನಲ್ಲಿ ಮಾತಾಡುವ ರೂಢಿ ಆಗಲೇ ಬಿತ್ತು. ಕೆಲವು ಕಡೆ ಜನರ ಬಾಯಲ್ಲಿ ಮೆಡೋಸ್ ಹೋಗಿ ಮಹಾದೇವ ಆಯಿತು. ಸಾಹೇಬರು ಮಹಾದೇವ ಬಾಬಾ ಆದರು.

ದಾರಿಹೋಕರನ್ನು ನಂಬಿಸಿ ಕೊರಳಿಗೆ ವಸ್ತ್ರ ಬಿಗಿದು ಕೊಲ್ಲುತ್ತಿದ್ದ ಥಗ್ಗರ ಸುದ್ದಿ ಆ ಕಾಲದಲ್ಲಿ ದೊಡ್ಡದಾಗಿ ಎದ್ದಿತ್ತು. ಅದನ್ನೇ ಇಟ್ಟುಕೊಂಡು ಟೇಲರ್ ಒಂದು ಕಾದಂಬರಿ ಬರೆದರು. ಕನ್ಫೆಷನ್ಸ್ ಆಫ್ ಎ ಥಗ್ ಅನ್ನೋ ಆ ಪುಸ್ತಕ 1839ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅಲ್ಲಿ ಮನೆಮಾತಾಯಿತು. ಮರುವರ್ಷ ಟಿಪ್ಪು ಸುಲ್ತಾನರ ಮೇಲೆ ಇನ್ನೊಂದು ಕಾದಂಬರಿ ಬಂತು. ಇಷ್ಟು ಹೆಸರು ಮಾಡಿದ ಮೇಲೆ ಅವರಿಗೆ ಸಿಕ್ಕಿದ ಜಾಗ ನಮ್ಮ ಸುರಪುರ.

ಸಾಲದ ಸಂಸ್ಥಾನ, ಎಳೆಯ ರಾಜ

1841ರಲ್ಲಿ ಟೇಲರ್‌ಗೆ ಸುರಪುರದ ಕೆಲಸ ಬಂತು. ಆಗಿನ ಸುರಪುರ ಸಂಸ್ಥಾನ ಇವತ್ತಿನ ತಾಲ್ಲೂಕಿಗಿಂತ ಬಹಳ ದೊಡ್ಡದು. ಔರಂಗಜೇಬನ ಸೈನ್ಯಕ್ಕೇ ವಾಗಿನಗೇರಿಯಲ್ಲಿ ಎದುರು ನಿಂತ ಬೇಡ ನಾಯಕರ ಮನೆತನ ಅದು. ಆದರೆ ಟೇಲರ್ ಬರುವ ಹೊತ್ತಿಗೆ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ನಿಜಾಮರಿಗೆ ಕೊಡಬೇಕಾದ ಹಣ ಬಾಕಿ, ಅರಮನೆ ಒಳಗೆ ಒಡಕು, ಹೊರಗೆ ಕತ್ತಿ ಹಿಡಿದು ನಿಂತ ಸಾವಿರಾರು ಬೇಡ ಯೋಧರು. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕರಿಗೆ ಎಂಟರ ಆಸುಪಾಸು. ತಾಯಿ ರಾಣಿ ಈಶ್ವರಮ್ಮನವರು.

ರಾಣಿಗೂ ಟೇಲರ್‌ಗೂ ಸರಿ ಬರಲಿಲ್ಲ. ತಮ್ಮ ಮನೆಯ ರಾಜ್ಯದಲ್ಲಿ ಹೊರಗಿನವನೊಬ್ಬ ಬಂದು ಲೆಕ್ಕ ಕೇಳೋದು ಅವರಿಗೆ ಹಿಡಿಸಲಿಲ್ಲ. ಅದರಲ್ಲಿ ತಪ್ಪೇನು? ಟೇಲರ್ ಎಷ್ಟೇ ಒಳ್ಳೆಯವರಿದ್ದರೂ ಇಂಗ್ಲಿಷರ ಅಧಿಕಾರವನ್ನು ಹೊತ್ತುಕೊಂಡೇ ಬಂದವರು. ಆದರೆ ಹುಡುಗ ರಾಜರು ಮಾತ್ರ ಅವರಿಗೆ ಹಚ್ಚಿಕೊಂಡರು. ಅಪ್ಪಾ ಅಂತಲೇ ಕರೆಯುತ್ತಿದ್ದರು. ಟೇಲರ್ ಹೆಂಡತಿ ತೀರಿಕೊಂಡಿದ್ದರು, ಹೆಣ್ಣುಮಕ್ಕಳು ದೂರದ ಇಂಗ್ಲೆಂಡಿನಲ್ಲಿದ್ದರು. ಬಂಗಲೆಯಲ್ಲಿ ಒಂಟಿಯಾಗಿದ್ದ ಸಾಹೇಬರಿಗೂ ಈ ಹುಡುಗನೇ ಮನೆಮಂದಿ ಆದ.

1853ರವರೆಗೆ ಟೇಲರ್ ಇಲ್ಲಿದ್ದರು. ಸಾಲ ತೀರಿಸುವ ದಾರಿ ಮಾಡಿದರು, ಕಂದಾಯದ ಲೆಕ್ಕ ನೇರ ಮಾಡಿದರು, ಕೆರೆ ಕಟ್ಟೆ ದುರಸ್ತಿಗೆ ಕೈಹಾಕಿದರು. ಇವತ್ತು ಪಕ್ಷಿಧಾಮ ಅಂತ ಹೆಸರಾದ ಬೋನಾಳ ಕೆರೆ ಸುರಪುರದ ದೊರೆಗಳು ಕಟ್ಟಿಸಿದ್ದು, ಅದನ್ನು ಸುಧಾರಿಸಿದ್ದರಲ್ಲಿ ಟೇಲರ್ ಪಾಲೂ ಇದೆ. ಚಳಿಗಾಲದಲ್ಲಿ ಅಲ್ಲಿಗೆ ಬಾತುಕೋಳಿ ನೋಡಲು ಹೋಗುವವರು ಇದನ್ನೂ ನೆನಪಿಟ್ಟುಕೊಳ್ಳಬಹುದು.

ಕಲ್ಲಿನ ಹಿಂದೆ ಬಿದ್ದದ್ದು

ಕಚೇರಿ ಕೆಲಸಕ್ಕೆ ಹಳ್ಳಿಗಳನ್ನು ಸುತ್ತುವಾಗ ಟೇಲರ್ ಕಣ್ಣಿಗೆ ಈ ಕಲ್ಲುಗಳು ಬಿದ್ದವು. ಒಂದು ಕಡೆ ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲಿನ ಪುಟ್ಟ ಮನೆಗಳು. ಇನ್ನೊಂದು ಕಡೆ ಕಲ್ಲುಗುಪ್ಪೆ, ಅದರ ಸುತ್ತ ದುಂಡಗೆ ಜೋಡಿಸಿದ ಬಂಡೆಗಳು. ಮತ್ತೊಂದು ಕಡೆ ವಿಭೂತಿಹಳ್ಳಿಯಂಥ ಉದ್ದನೆಯ ಸಾಲುಗಳು.

ಹುಣಸಗಿ ತಾಲ್ಲೂಕಿನ ರಾಜನಕೋಳೂರಿನಲ್ಲಿ ಇಂಥ ಕಲ್ಲುಮನೆಗಳು ಈಗಲೂ ಇವೆ. ನಮ್ಮ ಜನ ಇವನ್ನು ಮೋರೇರ ಮನೆ ಅಂತಾರೆ. ಮೋರೇರು ಅಂದರೆ ಗಿಡ್ಡ ಜನ, ಬಹಳ ಹಿಂದೆ ಇಲ್ಲಿ ಬಾಳಿ ಬದುಕಿ ಹೋದವರು ಅಂತ ಹಿರಿಯರ ಮಾತು. ಈ ಕಥೆ ಸುರಪುರ ಸೀಮೆಗಷ್ಟೇ ಅಲ್ಲ, ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿಗೂ ಉಂಟು. ಬಾಗಿಲು ಚಿಕ್ಕದು, ಮನೆ ಚಿಕ್ಕದು, ಹಾಗಾದರೆ ಒಳಗಿದ್ದವರೂ ಗಿಡ್ಡರೇ ಇರಬೇಕು ಅಂತ ಜನ ಲೆಕ್ಕ ಹಾಕಿದ್ದರಲ್ಲಿ ಆಶ್ಚರ್ಯ ಇಲ್ಲ. ನಿಜ ಏನಂದರೆ ಇವು ಬದುಕಿದ್ದವರ ಮನೆ ಅಲ್ಲ, ಸತ್ತವರಿಗಾಗಿ ಕಟ್ಟಿದ್ದು.

ಟೇಲರ್‌ಗೆ ಇವನ್ನು ನೋಡಿದ ಕೂಡಲೇ ತಮ್ಮ ಕಡೆಯ ಕಲ್ಲುಗಳು ನೆನಪಾದವು. ಇಂಗ್ಲೆಂಡ್, ಐರ್ಲೆಂಡಿನ ಗುಡ್ಡಗಾಡಿನಲ್ಲೂ ಇಂಥದೇ ಕಲ್ಲುಮನೆ, ಕಲ್ಲಿನ ಬಳೆ, ಕಲ್ಲಿನ ಸಾಲು ಇವೆ. ಸಾವಿರಾರು ಮೈಲಿ ದೂರದ ಎರಡು ಸೀಮೆಯಲ್ಲಿ ಒಂದೇ ಥರದ ಕೆಲಸ ಹೇಗೆ ಬಂತು ಅನ್ನೋ ಪ್ರಶ್ನೆ ಅವರ ತಲೆ ಹೊಕ್ಕಿತು.

ಅವರು ಸುಮ್ಮನೆ ಬೆರಗಾಗಿ ಕೂರಲಿಲ್ಲ. ಟೇಪು ಹಿಡಿದು ಅಳೆದರು. ಯಾವ ಊರಲ್ಲಿ ಏನಿದೆ ಅಂತ ಪಟ್ಟಿ ಮಾಡಿದರು. ಚಿತ್ರ ಬಿಡಿಸುವ ಕೈಯಿತ್ತು, ಹಾಗಾಗಿ ಚಿತ್ರ ಬರೆದರು. ವಿಭೂತಿಹಳ್ಳಿಯ ಸಾಲುಗಳ ನಕ್ಷೆ ಮಾಡಿದರು. ಜೇವರ್ಗಿ ಕಡೆ ಕೆಲವು ಕಲ್ಲುಗುಪ್ಪೆಗಳನ್ನು ಅಗೆಸಿದರು. ಒಳಗೆ ಎಲುಬು, ಬೂದಿ, ಕಪ್ಪು ಕೆಂಪು ಮಡಕೆಗಳು, ತುಕ್ಕು ಹಿಡಿದ ಕಬ್ಬಿಣದ ಆಯುಧ ಸಿಕ್ಕವು.

ಅಗೆಸುವ ರೀತಿಯಲ್ಲೇ ಅವರ ಹೆಚ್ಚುಗಾರಿಕೆ ಇತ್ತು. ಆ ಕಾಲದಲ್ಲಿ ಹಳೇ ಗೋರಿ ಅಗೆಯುವವರು ಒಳಗಿನ ಸಾಮಾನು ಎತ್ತಿಕೊಂಡು ಹೋಗುವುದಷ್ಟೇ ನೋಡುತ್ತಿದ್ದರು. ಟೇಲರ್ ಮಾತ್ರ ಗುಂಡಿಯನ್ನು ಮೇಲಿಂದ ಕೆಳಗೆ ಸೀಳಿದಂತೆ ಚಿತ್ರ ಬರೆದರು. ಮೇಲೆ ಎಂಥ ಮಣ್ಣು, ಅದರ ಕೆಳಗೆ ಎಂಥದ್ದು, ಮಡಕೆ ಎಲ್ಲಿತ್ತು, ಎಲುಬು ಎಲ್ಲಿತ್ತು, ಎಲ್ಲ ಅದರಲ್ಲಿದೆ. ಬಾವಿ ತೋಡಿಸಿದ ರೈತರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಎರೆ ಮಣ್ಣು ಎಷ್ಟು ಆಳ, ಗರಸು ಎಲ್ಲಿಂದ ಶುರು ಅಂತ ಲೆಕ್ಕ ಇಡ್ತಾರಲ್ಲ, ಹಾಗೇ. ನೂರು ವರ್ಷ ಕಳೆದ ಮೇಲೆ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಈ ಚಿತ್ರಗಳನ್ನು ನೋಡಿ ಬಹಳ ಮೆಚ್ಚಿಕೊಂಡರು. ಉತ್ಖನನ ಹೇಗೆ ಮಾಡಬೇಕು ಅಂತ ತಾವು ಬರೆದ ಪುಸ್ತಕದಲ್ಲೂ ಟೇಲರ್ ಕೆಲಸಕ್ಕೆ ಜಾಗ ಕೊಟ್ಟರು. ಅಂದರೆ ಜೇವರ್ಗಿಯ ಒಂದು ಗುಂಡಿಯ ಚಿತ್ರ ಲೋಕಕ್ಕೆ ಪಾಠ ಆಯಿತು.

1853ರಲ್ಲಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಸುರಪುರ ಸೀಮೆಯ ಕಲ್ಲುಗಳ ಬಗ್ಗೆ ಅವರ ಲೇಖನ ಬಂತು. 1862ರಲ್ಲಿ ಐರ್ಲೆಂಡಿನ ರಾಯಲ್ ಐರಿಷ್ ಅಕಾಡೆಮಿ ಇನ್ನೂ ದೊಡ್ಡ ಲೇಖನ ಅಚ್ಚು ಹಾಕಿತು. ವಿಭೂತಿಹಳ್ಳಿ, ರಾಜನಕೋಳೂರು, ಜೇವರ್ಗಿ ಅನ್ನೋ ಹೆಸರುಗಳು ಡಬ್ಲಿನ್ನಿನ ವಿದ್ವಾಂಸರ ಮೇಜಿನ ಮೇಲೆ ಬಂದವು.

ಅವರ ತೀರ್ಮಾನ ಎಲ್ಲ ಸರಿ ಇತ್ತೇ? ಇರಲಿಲ್ಲ. ಈ ಕಲ್ಲು ಇಟ್ಟವರು ಮಧ್ಯ ಏಷ್ಯಾದಿಂದ ಬಂದ ಸಿಥಿಯನ್ನರು, ಯುರೋಪಿನ ಕೆಲ್ಟರ ನಂಟರು ಅಂತ ಟೇಲರ್ ನಂಬಿದ್ದರು. ಇವತ್ತಿನ ಪಂಡಿತರು ಅದನ್ನು ಒಪ್ಪುವುದಿಲ್ಲ. ಇವು ದಕ್ಷಿಣ ಭಾರತದ ಕಬ್ಬಿಣಯುಗದ ಜನರ ಕೆಲಸ, ಸುಮಾರು ಕ್ರಿ.ಪೂ. 1200ರಿಂದ ಮುಂದಿನ ಸಾವಿರ ವರ್ಷದ ಆಸುಪಾಸಿನದು ಅನ್ನೋದು ಈಗಿನ ಅಭಿಪ್ರಾಯ. ಗೋರಿಯಲ್ಲಿ ರುಂಡ ಬೇರೆ ಮುಂಡ ಬೇರೆ ಬಿದ್ದದ್ದು ಕಂಡು ಟೇಲರ್ ನರಬಲಿ ಅಂದುಕೊಂಡರು. ಸತ್ತವರ ಎಲುಬನ್ನು ಆಮೇಲೆ ಆಯ್ದು ತಂದು ಹೂಳುವ ಪದ್ಧತಿ ಆ ಜನರಲ್ಲಿ ಇತ್ತು ಅಂತ ಈಗ ಗೊತ್ತಾಗಿದೆ. ಊಹೆ ತಪ್ಪಿತು, ಆದರೆ ಅಳತೆ ಉಳಿಯಿತು. ಮುಂದೆ 1950ರ ದಶಕದಲ್ಲಿ ರೇಮಂಡ್ ಆಲ್ಚಿನ್ ಇಂಥ ಕಲ್ಲಿನ ಸಾಲುಗಳ ಅಧ್ಯಯನ ಮಾಡಿದರು. ಖಗೋಳ ವಿಜ್ಞಾನಿ ಕಾಮೇಶ್ವರ ರಾವ್ ಅವರು ವಿಭೂತಿಹಳ್ಳಿಯ ಸಾಲುಗಳಿಗೂ ಸೂರ್ಯ ಹುಟ್ಟುವ ಮುಳುಗುವ ದಿಕ್ಕಿಗೂ ಸಂಬಂಧ ಇದೆ ಅಂತ ವಾದ ಮಂಡಿಸಿದರು. ಹಗಲು ರಾತ್ರಿ ಸಮ ಆಗುವ ದಿನ, ಉತ್ತರಾಯಣ ದಕ್ಷಿಣಾಯನದ ದಿನ ಗುರುತಿಸಲು ಈ ಸಾಲು ಬಳಸಿರಬಹುದು ಅನ್ನೋದು ಅವರ ವಿಚಾರ. ಮಳೆ ನಂಬಿ ಬದುಕಿದ ಜನಕ್ಕೆ ಋತುವಿನ ಲೆಕ್ಕ ಬೇಕೇ ಬೇಕಲ್ಲ.

ಕೈತಪ್ಪಿದ ಮಗ

1853ರಲ್ಲಿ ವೆಂಕಟಪ್ಪ ನಾಯಕರು ಪ್ರಾಯಕ್ಕೆ ಬಂದರು. ಟೇಲರ್ ರಾಜ್ಯವನ್ನು ಅವರ ಕೈಗೆ ಒಪ್ಪಿಸಿ ನಳದುರ್ಗಕ್ಕೆ ಹೋದರು. 1857ರಲ್ಲಿ ದೇಶದ ತುಂಬ ದಂಗೆ ಎದ್ದಾಗ ಅವರನ್ನು ವರ್‍ಹಾಡ ಸೀಮೆಗೆ ಕಳಿಸಿದರು. ಅಲ್ಲಿದ್ದಾಗಲೇ ಸುರಪುರದ ಸುದ್ದಿ ಬಂತು. ರಾಜಾ ವೆಂಕಟಪ್ಪ ನಾಯಕರು ಕಂಪನಿ ವಿರುದ್ಧ ಎದ್ದಿದ್ದಾರೆ.

1858ರ ಫೆಬ್ರುವರಿಯಲ್ಲಿ ಸುರಪುರದಲ್ಲಿ ಕಾಳಗ ನಡೆಯಿತು. ಕಂಪನಿ ಕಡೆಯ ಅಧಿಕಾರಿಯೂ ಸತ್ತರು. ಕೊನೆಗೆ ಊರು ಇಂಗ್ಲಿಷರ ಕೈಸೇರಿತು. ರಾಜರು ಹೈದರಾಬಾದಿಗೆ ಹೋದರು, ಅಲ್ಲಿ ಸೆರೆ ಸಿಕ್ಕರು. ಟೇಲರ್ ಸೆರೆಮನೆಗೆ ಹೋಗಿ ಅವರನ್ನು ಕಂಡರು. ತಾನು ಎತ್ತಿ ಆಡಿಸಿದ ಹುಡುಗ ಬೇಡಿಯಲ್ಲಿ, ತಾನು ಅನ್ನ ಉಣ್ಣುವ ಸರ್ಕಾರವೇ ಬೇಡಿ ಹಾಕಿದ್ದು. ಆ ಭೇಟಿ ಎಷ್ಟು ಕಷ್ಟದ್ದು ಅಂತ ಟೇಲರ್ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ.

ಮೊದಲು ಮರಣದಂಡನೆ ಆಯಿತು. ಆಮೇಲೆ ಅದನ್ನು ಕಡಿಮೆ ಮಾಡಿ ಕೊನೆಗೆ ಮದರಾಸಿನ ಕಡೆ ನಾಲ್ಕು ವರ್ಷದ ಸೆರೆ ಅಂತ ಇಳಿಸಿದರು. ನಡತೆ ಸರಿ ಇದ್ದರೆ ರಾಜ್ಯ ಮರಳಿ ಸಿಗುವ ಆಸೆಯೂ ಇತ್ತು. ಟೇಲರ್ ಉಸಿರು ಬಿಟ್ಟರು. ಯಾಕಂದರೆ ವರ್ಷಗಳ ಹಿಂದೆ ಒಬ್ಬ ಜೋಯಿಸರು ರಾಜರ ಜಾತಕ ನೋಡಿ ಇಪ್ಪತ್ತನಾಲ್ಕರ ಒಳಗೆ ಕಂಟಕ ಇದೆ ಅಂತ ಅವರಿಗೆ ಗುಟ್ಟಾಗಿ ಹೇಳಿದ್ದರು. ಗಂಡಾಂತರ ಕಳೆಯಿತು ಅಂದುಕೊಳ್ಳುವಷ್ಟರಲ್ಲಿ ಸುದ್ದಿ ಬಂತು. ಮದರಾಸಿನ ಕಡೆ ಕರೆದೊಯ್ಯುವ ದಾರಿಯಲ್ಲಿ 1858ರ ಮೇ ತಿಂಗಳಲ್ಲಿ ರಾಜರು ಗುಂಡೇಟಿನಿಂದ ತೀರಿಕೊಂಡಿದ್ದರು. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾವೇ ಹೊಡೆದುಕೊಂಡರು ಅಂತ ಸರ್ಕಾರದ ದಾಖಲೆ.

ಅದೇ ವರ್ಷ ಟೇಲರ್ ಮತ್ತೆ ಸುರಪುರಕ್ಕೆ ಬರಬೇಕಾಯಿತು. ಅದೇ ಗುಡ್ಡ, ಅದೇ ಬಂಗಲೆ. ಅಪ್ಪಾ ಅನ್ನುವವರಿರಲಿಲ್ಲ, ಸಂಸ್ಥಾನವೂ ಇರಲಿಲ್ಲ. ಮುಂದೆ ಆ ಸೀಮೆ ನಿಜಾಮರ ಪಾಲಾಯಿತು. ಸುರಪುರದ ಜನ ವೆಂಕಟಪ್ಪ ನಾಯಕರನ್ನು ಸ್ವಾತಂತ್ರ್ಯ ಹೋರಾಟಗಾರರು ಅಂತ ನೆನೆಯುತ್ತಾರೆ, ಅದು ನ್ಯಾಯ. ಟೇಲರ್ ಆ ಹೋರಾಟವನ್ನು ಎಂದೂ ಒಪ್ಪಲಿಲ್ಲ. ಹುಡುಗನ ಮೇಲಿನ ಪ್ರೀತಿ ನಿಜ, ಸರ್ಕಾರದ ಮೇಲಿನ ನಿಷ್ಠೆಯೂ ನಿಜ. ಎರಡೂ ಹೊಂದಲಿಲ್ಲ.

ಕಣ್ಣು ಹೋದ ಮೇಲೂ ಬಿಡಲಿಲ್ಲ

1860ರಲ್ಲಿ ಆರೋಗ್ಯ ಕೆಟ್ಟು ಟೇಲರ್ ದೇಶಕ್ಕೆ ಮರಳಿದರು. ಐರ್ಲೆಂಡಿನ ಡಬ್ಲಿನ್ ಹತ್ತಿರ ನೆಲೆಸಿದರು. ತಾರಾ, ಸೀತಾ ಮೊದಲಾದ ಕಾದಂಬರಿ ಬರೆದರು. ವಿಜಾಪುರದ ಕಟ್ಟಡಗಳ ಬಗ್ಗೆ, ಧಾರವಾಡ ಮೈಸೂರು ಸೀಮೆಯ ಗುಡಿಗಳ ಬಗ್ಗೆ 1866ರಲ್ಲಿ ಬಂದ ದೊಡ್ಡ ಚಿತ್ರ ಪುಸ್ತಕಗಳಿಗೆ ಇತಿಹಾಸದ ಭಾಗ ಬರೆದುಕೊಟ್ಟರು. ಚಾಂದ್ ಬೀಬಿಯ ಮೇಲಿನ ಅವರ ಕೊನೆಯ ಕಾದಂಬರಿಯಲ್ಲಿ ನಮ್ಮ ಕೃಷ್ಣಾ ನದಿ, ನಮ್ಮ ಬೇಡ ಯೋಧರು ಬರುತ್ತಾರೆ. ಅದು ಅಚ್ಚಾಗುವ ಹೊತ್ತಿಗೆ ಅವರೇ ಇರಲಿಲ್ಲ.

1875ರಲ್ಲಿ ಸಾಲಾರ್ ಜಂಗ್ ಅವರ ಕರೆಯ ಮೇಲೆ ಮತ್ತೊಮ್ಮೆ ಹೈದರಾಬಾದಿಗೆ ಬಂದರು. ಅಷ್ಟೊತ್ತಿಗೆ ಕಣ್ಣು ಹೋಗುತ್ತ ಬಂದಿತ್ತು. ಜೀವನ ಪೂರ್ತಿ ಕಣ್ಣಲ್ಲಿ ಕಂಡದ್ದನ್ನು ಕೈಯಲ್ಲಿ ಬರೆದಿಟ್ಟ ಮನುಷ್ಯನಿಗೆ ಕೊನೆಗೆ ದೃಷ್ಟಿಯೇ ಕೈಕೊಟ್ಟಿತು. ವಾಪಸು ಹೋಗುವ ದಾರಿಯಲ್ಲಿ ಫ್ರಾನ್ಸಿನ ಮಾಂತೋನ್ ಊರಿನಲ್ಲಿ 1876ರ ಮೇ 13ರಂದು ತೀರಿಕೊಂಡರು. ಮರುವರ್ಷ ಮಗಳು ಅವರ ಆತ್ಮಕಥೆಯನ್ನು ಅಚ್ಚಿಗೆ ಕೊಟ್ಟರು.

ಈಗ ನಮ್ಮ ಪಾಳಿ

ಇಷ್ಟೆಲ್ಲ ಹಳೇ ಕಥೆ ಈಗ್ಯಾಕೆ ಅಂತ ಕೇಳಬಹುದು. ಕಾರಣ ಇದೆ.

ವಿಭೂತಿಹಳ್ಳಿಯಂಥ ಜಾಗ ಗುಡಿಯಂತಲ್ಲ. ಗುಡಿಗೆ ಗೋಡೆ ಇದೆ, ಬಾಗಿಲಿದೆ, ಪೂಜೆ ಇದೆ. ಒಂದು ಕಲ್ಲು ಕಿತ್ತರೆ ಊರೇ ಕೇಳುತ್ತದೆ. ಕಲ್ಲಿನ ಸಾಲಿಗೆ ಅದ್ಯಾವುದೂ ಇಲ್ಲ. ಒಂದು ಬಂಡೆ ಒಡೆದು ಕಟ್ಟಡಕ್ಕೆ ಹಾಕಿದರೆ ಕೇಳುವವರಿಲ್ಲ. ನೇಗಿಲಿಗೆ ಅಡ್ಡ ಆಯ್ತು ಅಂತ ಒಂದನ್ನು ಬದುವಿಗೆ ಉರುಳಿಸಿದರೂ ಯಾರಿಗೂ ತಿಳಿಯುವುದಿಲ್ಲ. ಆದರೆ ಇಲ್ಲಿ ಬೆಲೆ ಇರೋದು ಕಲ್ಲಿಗಲ್ಲ, ಕಲ್ಲು ಇರುವ ಜಾಗಕ್ಕೆ. ಜಾಗ ತಪ್ಪಿದರೆ ಅದು ಬರೀ ಬಂಡೆ. ಆಮೇಲೆ ಸೂರ್ಯನ ಲೆಕ್ಕವೂ ಇಲ್ಲ, ಸಾಲೂ ಇಲ್ಲ.

ನಿಧಿ ಆಸೆಯಿಂದ ಗೋರಿ ಅಗೆಯುವವರಿಗೂ ಒಂದು ಮಾತು. ಟೇಲರ್ ಸರ್ಕಾರಿ ಅಧಿಕಾರಿ, ಕೂಲಿಯಾಳು ಹಚ್ಚಿ ಹಗಲಲ್ಲೇ ಅಗೆಸಿದರು. ಅವರ ವರದಿಯಲ್ಲಿ ಇರೋದು ಮಡಕೆ, ಎಲುಬು, ಬೂದಿ, ಕಬ್ಬಿಣ. ರಾತ್ರಿ ಗುದ್ದಲಿ ಹಿಡಿದು ಹೋದವರಿಗೆ ಅದಕ್ಕಿಂತ ಹೆಚ್ಚೇನು ಸಿಕ್ಕೀತು?

ಕಾನೂನೂ ಗೊತ್ತಿರಲಿ. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅಲ್ಲಿಂದ ಆಚೆ ಇನ್ನೂ 200 ಮೀಟರ್‌ವರೆಗೆ ಕಟ್ಟಲು ಅನುಮತಿ ಬೇಕು. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸುತ್ತ ಜಾಗ ಕೊಳ್ಳುವವರು, ಮಳಿಗೆ ಕಟ್ಟಿಸುವವರು ಮೊದಲೇ ವಿಚಾರಿಸಿಕೊಂಡರೆ ಆಮೇಲೆ ಕಚೇರಿ ಅಲೆಯುವುದು ತಪ್ಪುತ್ತದೆ.

ಆದರೆ ಕಾನೂನು ದಿನಾ ಬಂದು ಕಾವಲು ಕೂರೋದಿಲ್ಲ. ಅಲ್ಲಿ ದಿನಾ ಇರೋರು ಹೊಲಕ್ಕೆ ಹೋಗುವವರು, ದನ ಕಾಯುವ ಹುಡುಗರು, ಶಾಲೆ ಮಕ್ಕಳು. ಟೇಲರ್ ಪರದೇಶಿ, ತನ್ನದಲ್ಲದ ನೆಲದ ಕಲ್ಲನ್ನು ಬಿಸಿಲಲ್ಲಿ ನಿಂತು ಅಳೆದರು. ಅವರು ಸಾಕಿದ ರಾಜನನ್ನು ಉಳಿಸಿಕೊಳ್ಳಲು ಅವರಿಂದ ಆಗಲಿಲ್ಲ. ಅವರು ಅಳೆದ ಕಲ್ಲುಗಳು ಇನ್ನೂ ಇವೆ. ಇವು ನಮ್ಮ ನೆಲದ ಹಿರಿಯರು ಇಟ್ಟವು, ನಮ್ಮವು.

ಮುಂದಿನ ಸಲ ಶಹಾಪುರ ಕಡೆ ಹೋದಾಗ ಮಕ್ಕಳನ್ನು ಕರೆದುಕೊಂಡು ವಿಭೂತಿಹಳ್ಳಿಗೆ ಹೋಗಿ ಬನ್ರಿ. ಬೆಳಿಗ್ಗೆ ಬೇಗ ಹೋದರೆ ಸೂರ್ಯ ಯಾವ ಸಾಲಿನ ಮೇಲೆ ಏಳ್ತಾನೆ ಅಂತ ನೋಡಬಹುದು. ಒಂದು ಫೋಟೊ ತೆಗೆದು ತಾರೀಖು ಬರೆದು ಇಟ್ಟುಕೊಳ್ಳಿ. ನಾಳೆ ಒಂದು ಕಲ್ಲು ಕಾಣೆಯಾದರೆ ಅದು ಅಲ್ಲೇ ಇತ್ತು ಅಂತ ಹೇಳಲು ಅದೇ ಸಾಕ್ಷಿ.